ಒಂಬತ್ತು ಸಾವಿರ ಸಲ ದೇಶ ಬಿಟ್ಟವಳು

ಹೊಳೆ ದಾಟಿಸುವ ಲಾಂಚಿನಲ್ಲಿ ಟಿಕೆಟ್ ಹರಿಯುವ ಹೆಂಗಸನ್ನು ಎರಡೂ ದಡದವರು ಚೀಟಿಯಕ್ಕ ಎಂದೇ ಕರೆಯುತ್ತಾರೆ. ಇದನ್ನು ಬರೆಯುತ್ತಿರುವವನು ಬಹಳ ವರ್ಷ ಅವಳನ್ನು ಸೊಕ್ಕಿನ ಹೆಂಗಸು ಎಂದು ತಿಳಿದಿದ್ದ. ಅದಕ್ಕೆ ಕಾರಣ ಒಂದು ಟ್ರಂಕು. ಅದರ ತುಂಬ ಅವನೇ ಬರೆದ ಪುಸ್ತಕಗಳಿದ್ದವು. ಆಚೆ ದಡದಲ್ಲಿ ಜನ ಅವಕ್ಕಾಗಿ ಬಾಯಿಬಿಟ್ಟುಕೊಂಡು ಕಾದಿದ್ದಾರೆ ಎಂಬ ಭ್ರಮೆಯೂ ಇತ್ತು. ಲಾಂಚು ನಿಂತಾಗ ಟ್ರಂಕಿನ ಒಂದು ಹಿಡಿ ಹಿಡಿಯಲು ಕೇಳಿದ್ದಕ್ಕೆ ಚೀಟಿಯಕ್ಕ ಮರುಮಾತಿಲ್ಲದೆ ಹಿಡಿದಳು, ಲಾಂಚಿನಿಂದ ದಡಕ್ಕೆ ಚಾಚಿದ ಹಲಗೆಯ ತುದಿಯವರೆಗೂ ಹೊತ್ತಳು, ಅಲ್ಲಿ ಧೊಪ್ಪನೆ ಇಳಿಸಿದಳು.

"ಇಲ್ಲಿಂದ ನೀವೇ ನೋಡ್ಕೊಳ್ಳಿ."

"ಇನ್ನು ನಾಲ್ಕು ಹೆಜ್ಜೆ ತಾನೇ ತಾಯಿ, ಆ ಮೆಟ್ಟಲ ತನಕ."

"ನಾಲ್ಕಲ್ಲ, ಅರ್ಧವೂ ಆಗಲ್ಲ."

ಸಂಬಳ ತಿನ್ನುವವರಿಗೆ ಇಷ್ಟು ಕೊಬ್ಬೇ ಎಂದು ಅವನು ವರ್ಷಗಟ್ಟಲೆ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ. ಆ ಅರ್ಧ ಹೆಜ್ಜೆ ಇಡದೆ ಇರಲು ಅವಳು ಇಪ್ಪತ್ತಾರು ವರ್ಷ ಎಷ್ಟು ಬೆವರಿದ್ದಳು ಎಂಬುದು ಗೊತ್ತಾದದ್ದು ಆಮೇಲೆ, ಅವಳ ತಂಗಿ ಬೇಕರಿಯ ಕಟ್ಟೆಯ ಹಿಂದೆ ನಿಂತು ಬನ್ನು ಕಟ್ಟಿಕೊಡುತ್ತ ಎಲ್ಲವನ್ನೂ ಹೇಳಿದಾಗ.

ವಿಷಯ ಇಷ್ಟು. ಆ ಹೊಳೆಯೇ ಎರಡು ದೇಶಗಳ ಗಡಿ. ನಡುನೀರಿನಲ್ಲಿ ಸರಪಳಿ ಕಟ್ಟಿ ತೇಲಿಬಿಟ್ಟ ಕೆಂಪು ಪೀಪಾಯಿಯೊಂದಿದೆ. ಅದರ ಈಚೆ ಒಂದು ದೇಶ, ಆಚೆ ಇನ್ನೊಂದು. ಚೀಟಿಯಕ್ಕ ಹುಟ್ಟಿದ್ದು ಆಚೆ. ನಾಲ್ಕನೆಯ ವರ್ಷದಲ್ಲಿ ತಾಯಿಯ ಕಂಕುಳಲ್ಲಿ ಕೂತು ಈಚೆ ಬಂದಳು. ಮರುವರ್ಷ ತಂಗಿ ಈಚೆಯೇ ಹುಟ್ಟಿದಳು. ಹುಟ್ಟಿ ಎರಡು ಸಲ ಅತ್ತಳು, ಈ ದೇಶದ ಪ್ರಜೆಯಾದಳು. ಅದಕ್ಕಿಂತ ಹೆಚ್ಚಿನ ಶ್ರಮವನ್ನೇನೂ ಅವಳು ಪಡಲಿಲ್ಲ. ಅಕ್ಕನಿಗೆ ಸಿಕ್ಕಿದ್ದು ವಾಸದ ಕಾರ್ಡು. ಮೂರು ವರ್ಷಕ್ಕೊಮ್ಮೆ ಮುದ್ರೆ ಹೊಡೆಸಬೇಕಾದ ಆ ಕಾರ್ಡಿನ ಬೆನ್ನಿಗೆ ಸಣ್ಣ ಅಕ್ಷರದ ಒಂದು ಸಾಲಿತ್ತು: ಅನುಮತಿ ಇಲ್ಲದೆ ದೇಶ ಬಿಟ್ಟರೆ ಕಾರ್ಡು ರದ್ದು.

ತಾಯಿಗೆ ಓದು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದ ಆ ಒಂದು ಸಾಲನ್ನು ಮಾತ್ರ ಸಾಯುವ ತನಕ ಬಾಯಿಪಾಠ ಹೇಳುತ್ತಿದ್ದಳು. ಲಾಂಚು ತೊಳೆಯುವ ಕೆಲಸ ಅವಳದು. ಮಗಳಿಗೂ ಅಲ್ಲೇ ಟಿಕೆಟ್ ಹರಿಯುವ ಕೆಲಸ ಸಿಕ್ಕ ದಿನ ಅವಳನ್ನು ಹಲಗೆಯ ಹತ್ತಿರ ಕರೆದೊಯ್ದು, "ನೋಡು, ಇದರ ಮೇಲೆ ಎಷ್ಟಾದ್ರೂ ಕುಣಿ. ಆ ಮಣ್ಣು ಅಂಗಾಲಿಗೆ ಅಂಟಿತೋ, ಮನೆ ಮರೆತುಬಿಡು" ಎಂದಿದ್ದಳು. ಅಂದಿನಿಂದ ಚೀಟಿಯಕ್ಕ ದಿನಕ್ಕೆ ಆರು ಸಲ ತಾನು ಹುಟ್ಟಿದ ದೇಶಕ್ಕೆ ಹೋಗುತ್ತಿದ್ದಳು, ಆರು ಸಲವೂ ಅದನ್ನು ಮುಟ್ಟದೆ ಮರಳುತ್ತಿದ್ದಳು. ಇಳಿಯುವವರಿಗೆ ದಡದ ಠಾಣೆಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬೀಳುತ್ತಿತ್ತು. ಇಳಿಯದವಳಿಗೆ ಯಾರ ಮುದ್ರೆ? ಆಚೆ ದಡದ ಚಹಾದಂಗಡಿಯವನ ಬನಿಯನ್ನಿಗೆ ಎಷ್ಟು ತೂತು ಎಂದು ಅವಳಿಗೆ ಗೊತ್ತು. ಆದರೆ ಆ ಅಂಗಡಿ ದಾಟಿದ ಮೇಲೆ ರಸ್ತೆ ಎಡಕ್ಕೆ ತಿರುಗುತ್ತದೋ ಬಲಕ್ಕೋ, ಗೊತ್ತಿಲ್ಲ.

ಹೀಗೆ ನೆಮ್ಮದಿಯಾಗಿದ್ದಾಗ ಸರ್ಕಾರಕ್ಕೆ ಹೊಸ ಬುದ್ಧಿ ಬಂತು. ವಾಸದ ಕಾರ್ಡು ಇನ್ನಿಲ್ಲ. ಇರುವವರೆಲ್ಲ ಪೌರತ್ವಕ್ಕೆ ಅರ್ಜಿ ಹಾಕಬೇಕು. ಅರ್ಜಿ ಬಿದ್ದುಹೋದವರು ಮೂವತ್ತು ದಿನದೊಳಗೆ ಹುಟ್ಟಿದ ದೇಶಕ್ಕೆ ನಡೆಯಬೇಕು. ಗೋಡೆಗೆ ಅಂಟಿಸಿದ ಆ ಪ್ರಕಟಣೆಯನ್ನು ತಂಗಿ ಎರಡು ಸಲ ಗಟ್ಟಿಯಾಗಿ ಓದಿದಳು.

"ಅಂದ್ರೆ ನಿನ್ನ ಆಚೆ ಕಳಿಸ್ತಾರಾ?"

"ದಿನಾ ಕಳಿಸ್ತಾನೇ ಇದಾರಲ್ಲ," ಎಂದಳು ಚೀಟಿಯಕ್ಕ. ಹೇಳಿದ್ದು ತಮಾಷೆಗೆ. ಆದರೆ ಅವತ್ತು ಅನ್ನದ ತಟ್ಟೆಯ ಮುಂದೆ ಕೂತು, ಕಲಸಿದ್ದನ್ನೇ ಕಲಸಿದಳು.

ಪೌರತ್ವ ಕಚೇರಿಯ ಗೋಡೆಗೆ ಒರಗಿಕೊಂಡು, ಛತ್ರಿಯ ಕೆಳಗೆ, ಟೈಪ್‌ರೈಟರ್ ಇಟ್ಟುಕೊಂಡು ಕೂರುವವರು ಅರ್ಜಿ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ನ್ಯಾಯಾಧೀಶರು ಕೂಡ ತೀರ್ಪಿಗೆ ಮುಂಚೆ ತಮ್ಮನ್ನೊಮ್ಮೆ ಕೇಳಿದರೆ ಒಳ್ಳೆಯದು ಎಂಬ ಮುಖಭಾವ. ಹದಿನಾರು ಪ್ರಶ್ನೆಗಳನ್ನು ಅವರು ಕಡಲೆಕಾಯಿ ಸುಲಿದಂತೆ ಸುಲಿದು ಹಾಕಿದರು. ಹದಿನೇಳನೆಯದರಲ್ಲಿ ನಿಂತರು.

"'ಕಳೆದ ಐದು ವರ್ಷಗಳಲ್ಲಿ ದೇಶದ ಗಡಿ ದಾಟಿದ್ದೀರಾ? ಹೌದಾದರೆ ಎಷ್ಟು ಸಲ, ಕಾರಣವೇನು?' ಇಲ್ಲ ಅಂತ ಹೊಡೀತೀನಿ."

"ಹೌದು ಮೇಷ್ಟ್ರೇ."

"ಹೌದು, ಇಲ್ಲ ಅಂತ ತಾನೇ?"

"ಹೌದು, ಹೌದು ಅಂತ. ದಿನಾ ಆರು ಸಲ."

ಮೇಷ್ಟ್ರು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದರು. "ನೋಡಮ್ಮ, ಮುದ್ರೆ ಇಲ್ಲ ಅಂದ್ರೆ ಪ್ರಯಾಣ ಇಲ್ಲ. ಇದು ಕಾನೂನು. ನೂರೆಂಬತ್ತು ದಿನಕ್ಕಿಂತ ಹೆಚ್ಚು ಹೊರಗಿದ್ದೋರಿಗೆ ಪೌರತ್ವ ಇಲ್ಲ. ಇದೂ ಕಾನೂನು. ಸುಮ್ನೆ ಇರೋ ಹಾವನ್ನ ಅಂಗಿಯೊಳಗೆ ಬಿಟ್ಕೋತೀನಿ ಅಂತೀಯಲ್ಲ!"

"ಕೆಳಗೆ ಏನೋ ಬರೆದಿದೆಯಲ್ಲ, ಅದನ್ನೂ ಓದಿ."

ಮೇಷ್ಟ್ರು ಒಲ್ಲದ ಮನಸ್ಸಿನಿಂದ ಓದಿದರು. ಸುಳ್ಳು ಬರೆದವರನ್ನು ಹೊರಗೆ ಹಾಕಲಾಗುವುದು, ಅವರು ಮತ್ತೆಂದೂ ಅರ್ಜಿ ಹಾಕುವಂತಿಲ್ಲ.

"ಲಾಂಚಿನ ಟ್ರಿಪ್ ಪುಸ್ತಕ ಇದೆ ಮೇಷ್ಟ್ರೇ. ಪ್ರತಿ ಟ್ರಿಪ್ಪಿಗೂ ನನ್ನ ಕೈಬರಹ, ನನ್ನ ಸಹಿ. ಅದು ಇರೋದು ಇದೇ ಕಚೇರಿಯ ಕಪಾಟಲ್ಲಿ."

"ಅಕ್ಕಾ, ಕಪಾಟನ್ನ ಯಾರು ತೆಗೀತಾರೆ?" ತಂಗಿ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಇಲ್ಲ ಅಂತ ಹೇಳಿ ಸಹಿ ಹಾಕು. ನಿನ್ನ ಪುಣ್ಯ, ಒಂದೇ ಒಂದು ಸಲ ಎಲ್ಲರ ಹಾಗೆ ಇರು."

"ತೆಗೆದ್ರೆ?"

"ತೆಗೆದಾಗ ನೋಡೋಣ."

"ಆಗ ನೋಡೋಕೆ ನಾನು ಇಲ್ಲಿ ಇರಲ್ವಲ್ಲೇ, ಕತ್ತೆ."

ಅತ್ತ ದರಿ, ಇತ್ತ ಪುಲಿ. ಸುಳ್ಳು ಹೇಳಿದರೆ ಪುಸ್ತಕ ಹಿಡಿಯುತ್ತದೆ, ನಿಜ ಹೇಳಿದರೆ ಕಾನೂನು. ಚೀಟಿಯಕ್ಕ ನಾಲ್ಕು ದಿನ ಮಧ್ಯಾಹ್ನದ ಬಿಡುವಿನಲ್ಲಿ ಆ ಪುಸ್ತಕಗಳನ್ನು ಇಸಿದುಕೊಂಡು ಎಣಿಸಿದಳು. ಐದನೆಯ ದಿನ ಮೇಷ್ಟ್ರ ಮುಂದೆ ಕೂತು, ತಾನು ಹೇಳಿದ್ದನ್ನೇ ಹೊಡೆಯಬೇಕೆಂದು ಹಟ ಹಿಡಿದಳು. ಅವರು ಹೊಡೆದರು, ಆದರೆ 'ಅರ್ಜಿ ಬರೆದವರು' ಎಂಬಲ್ಲಿ ತಮ್ಮ ಹೆಸರು ಹಾಕಲಿಲ್ಲ. ಮುಳುಗುವ ಹಡಗಿನ ಮೇಲೆ ತಮ್ಮ ವಿಳಾಸ ಯಾಕೆಂದು ಕಂಡಿತೇನೋ.

ಒಳಗೆ ವಿಚಾರಣೆ ನಡೆಸುವವರು ಮೂರು ಪೆನ್ನಿನ ಸಾಹೇಬರು. ಜೇಬಿನಲ್ಲಿ ನೀಲಿ, ಕೆಂಪು, ಹಸಿರು. ನೀಲಿಯಲ್ಲಿ ಕೇಳುತ್ತಿದ್ದರು, ಕೆಂಪಿನಲ್ಲಿ ಅನುಮಾನಿಸುತ್ತಿದ್ದರು. ಹಸಿರಿನ ಮುಚ್ಚಳ ತೆಗೆದದ್ದನ್ನು ನೋಡಿದವರು ಕಡಿಮೆ.

"ಈ ದೇಶಕ್ಕೆ ಬಂದದ್ದು ಯಾವಾಗ?"

"ನಾಲ್ಕನೇ ವರ್ಷದಲ್ಲಿ ಸಾರ್."

"ಯಾವುದರಲ್ಲಿ ಬಂದಿರಿ?"

"ಅಮ್ಮನ ಕಂಕುಳಲ್ಲಿ."

"ವಾಹನ ಕೇಳಿದ್ದು."

"ನನಗೆ ಅಮ್ಮನೇ ಸಾರ್ ವಾಹನ. ಅಮ್ಮ ಬಂದದ್ದು ಲಾಂಚಲ್ಲಿ."

ಸಾಹೇಬರು ನಗಲಿಲ್ಲ. ಹಾಳೆ ತಿರುವಿದರು. ಹದಿನೇಳಕ್ಕೆ ಬಂದಾಗ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿದರು.

"ಒಂಬತ್ತು ಒಂದು ಒಂದು ನಾಲ್ಕು. ಇದೇನು, ಟೆಲಿಫೋನ್ ನಂಬರಾ?"

"ಅಲ್ಲ ಸಾರ್, ದಾಟಿದ್ದು. ಒಂಬತ್ತು ಸಾವಿರದ ನೂರ ಹದಿನಾಲ್ಕು ಸಲ. ಇಳಿದದ್ದು ಇಲ್ಲ. ಪಕ್ಕದಲ್ಲೇ ಬರೆಸಿದೀನಿ."

ಕೆಂಪು ಪೆನ್ನು ಹೊರಬಂತು. ಗೋಡೆಯ ಫ್ಯಾನು ಒಂದು ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತು. ಹನ್ನೊಂದು ಕಿರ್ ಆಗುವ ತನಕ ಸಾಹೇಬರು ಕೂಡಿದರು, ಕಳೆದರು, ಭಾಗಿಸಿದರು. "ಐದು ವರ್ಷದಲ್ಲಿ ನೀವು ಹೊರಗೆ ಹೋಗದೆ ಇದ್ದದ್ದು ರಜದ ದಿನ ಮಾತ್ರ. ಈ ಲೆಕ್ಕದ ಪ್ರಕಾರ ನೀವು ಇಲ್ಲಿ ವಾಸವೇ ಇಲ್ಲ."

"ನಾನು ಇಲ್ಲಿಲ್ಲ ಅಂದ್ರೆ ನಿಮ್ಮೆದುರಿಗೆ ಕೂತಿರೋದು ಯಾರು ಸಾರ್?"

"ಅದನ್ನು ಕಡತ ಹೇಳಬೇಕು, ನೀವಲ್ಲ. ಇಳಿದಿಲ್ಲ ಅಂತೀರಿ. ಹಾಗಾದ್ರೆ ಎಲ್ಲಿ ನಿಲ್ತಿದ್ರಿ?"

"ಹಲಗೆ ಮೇಲೆ."

"ಹಲಗೆ ಯಾವ ದೇಶದಲ್ಲಿದೆ?"

ಇಪ್ಪತ್ತಾರು ವರ್ಷ ತನ್ನ ಪಾದದಡಿ ಇದ್ದ ಆ ಹಲಗೆಯ ಊರು ಯಾವುದೆಂದು ಚೀಟಿಯಕ್ಕ ಯೋಚಿಸಿರಲಿಲ್ಲ. ತಾಯಿ ಕುಣಿ ಎಂದಿದ್ದಳು, ಇವಳು ನಿಂತಿದ್ದಳು. ತಾಯಿ ತಪ್ಪಿದ್ದರೆ?

ಸಾಹೇಬರು ಗುರುವಾರ ಬೆಳಿಗ್ಗೆ 'ಸ್ಥಳ ಪರಿಶೀಲನೆ' ಎಂದು ಬರೆದರು. ಆ ಎರಡು ಶಬ್ದ ಬರೆಯುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ಎದುರಿಗೇ ಎರಡು ಹಾಳೆ ಟೈಪು ಮಾಡಿಸಿ ಕಡತಕ್ಕೆ ಸೇರಿಸಿದರು. ಒಂದು ಮಂಜೂರಾತಿ, ಒಂದು ಮೂವತ್ತು ದಿನದ ನೋಟೀಸು. ಎರಡರಲ್ಲೂ ಅವಳ ಹೆಸರು. ಎರಡಕ್ಕೂ ಸಹಿ ಇಲ್ಲ.

ಗುರುವಾರ ಸಾಹೇಬರು ಹೊಳೆಯುವ ಕಪ್ಪು ಬೂಟು ಹಾಕಿಕೊಂಡು, ಅಳತೆಯ ಟೇಪು ಹಿಡಿದು, ಕಡತವನ್ನು ಎದೆಗವಚಿಕೊಂಡು ಲಾಂಚು ಹತ್ತಿದರು. ತಂಗಿ ಬೇಕರಿಗೆ ರಜ ಹಾಕಿ ಬಂದು ಒಂದು ಮೂಲೆಯಲ್ಲಿ ಕೂತಳು. ಲಾಂಚು ನಡೆಸುವ ಎಂಜಿನ್ ಮಾವ, ಚೀಟಿಯಕ್ಕನ ತಾಯಿಯನ್ನೂ ಕಂಡ ಮುದುಕ, ಅವಳನ್ನು ಹತ್ತಿರ ಕರೆದು ಪಿಸುಗುಟ್ಟಿದ.

"ಮಗಾ, ಹೇಳು, ನಡುನೀರಲ್ಲಿ ಎಂಜಿನ್ ಕೆಡಿಸ್ಲಾ?"

"ಕೆಡಿಸಿ?"

"ಅಷ್ಟೊತ್ತಾದ್ರೂ ತಡ ಆಗುತ್ತೆ."

"ಬೇಡ ಮಾವ. ಆಗೋದು ಆಗ್ಲಿ."

ಕೆಂಪು ಪೀಪಾಯಿ ದಾಟಿತು. ಸಾಹೇಬರು ಗಡಿಯಾರ ನೋಡಿ ಗುರುತು ಹಾಕಿಕೊಂಡರು. ಚೀಟಿಯಕ್ಕ ಟಿಕೆಟ್ ಹರಿಯುತ್ತಿದ್ದಳು. ಒಬ್ಬನಿಗೆ ಮೂರು ತುಂಡು ಮಾಡಿ ಕೊಟ್ಟಳು. ದಡ ಬಂತು. ಹಗ್ಗ ಬಿತ್ತು. ಹಲಗೆ ಚಾಚಿತು. ಅವಳು ಎಂದಿನಂತೆ ಅದರ ಮೇಲೆ ಹೋಗಿ ನಿಂತಳು, ಜನ ಇಳಿದರು.

"ಹಾಗೇ ಇರಿ, ಅಲ್ಲಾಡಬೇಡಿ." ಸಾಹೇಬರು ಮಂಡಿಯೂರಿ ಲಾಂಚಿನ ಅಂಚಿನಿಂದ ಅವಳ ಹಿಮ್ಮಡಿಯ ತನಕ ಟೇಪು ಹಿಡಿದರು. ನಾಲ್ಕೂಕಾಲು ಅಡಿ. ಆಮೇಲೆ ಬಗ್ಗಿ ಹಲಗೆಯ ಅಡಿಗೆ ನೋಡಿದರು. ಬೇಸಿಗೆ, ನೀರು ತಗ್ಗಿತ್ತು. ಮೂರಡಿಗೇ ನೀರು ಮುಗಿದು, ಕೆಸರು ಶುರುವಾಗಿತ್ತು.

"ನಿಮ್ಮ ಪಾದದ ಕೆಳಗೆ ನೆಲ ಇದೆ."

"ನನ್ನ ಪಾದದ ಕೆಳಗೆ ಹಲಗೆ ಇದೆ ಸಾರ್."

"ಹಲಗೆಯ ಕೆಳಗೆ?"

ಅವಳು ಕತ್ತು ಬಗ್ಗಿಸಿ ಕೆಸರು ನೋಡಿದಳು.

"ಆಚೆ ದೇಶದ ನೆಲದ ನೇರ ಮೇಲೆ ನಿಂತಿದೀರಿ. ಮೇಲೆ ಎಷ್ಟು ಎತ್ತರದಲ್ಲಿದೀರಿ ಅನ್ನೋದು ಮುಖ್ಯ ಅಲ್ಲ. ಇದು ಹೊರಗೆ." ಸಾಹೇಬರು ಎದ್ದು ನಿಂತು ಕಡತ ಬಿಚ್ಚಿದರು. ಮೂವತ್ತು ದಿನದ ಹಾಳೆ ಮೇಲೆ ಬಂತು. ಲಾಂಚಿನೊಳಗಿಂದ ತಂಗಿ "ಅಕ್ಕಾ" ಎಂದದ್ದು ಅರ್ಧಕ್ಕೇ ನಿಂತಿತು. ಚೀಟಿಯಕ್ಕ ಚಹಾದಂಗಡಿಯ ಕಡೆ ನೋಡಿದಳು. ಅದನ್ನು ದಾಟಿದ ಮೇಲೆ ಎಡವೋ ಬಲವೋ, ಇನ್ನು ತಿಳಿದುಕೊಳ್ಳಬೇಕಾಗುತ್ತದೆ.

ಸಹಿ ಬಿದ್ದೇಬಿಡುತ್ತಿತ್ತು. ಆದರೆ ಸಾಹೇಬರು ಕೆಲಸದಲ್ಲಿ ಅಚ್ಚುಕಟ್ಟು. ಹಲಗೆಯ ಒಟ್ಟು ಉದ್ದವೂ ಕಡತದಲ್ಲಿ ಇರಲಿ ಎಂದು, ಟೇಪು ಹಿಡಿದು ಅವಳನ್ನು ದಾಟಿ, ತುದಿಗೆ ಹೋದರು. ತುದಿಯಲ್ಲಿ ಬಗ್ಗಿದಾಗ ಟೇಪಿನ ಕೊನೆಯನ್ನು ಯಾರೋ ಹಿಡಿದರು. ಅವರು ತಲೆಯೆತ್ತಿ ನೋಡಿದರು. ಆಚೆ ದಡದ ಕಾವಲುಗಾರ.

"ಪಾಸ್‌ಪೋರ್ಟ್?"

"ನಾನು ಅಧಿಕಾರಿ."

"ಎಲ್ಲಿಯೋರು?"

"ಆಚೆ ದಡದೋನು."

"ಹಾಗಾದ್ರೆ ಈಚೆ ಬರೋಕೆ ಪಾಸ್‌ಪೋರ್ಟ್ ಬೇಕಲ್ಲ." ಕಾವಲುಗಾರ ಟೇಪು ಬಿಟ್ಟು ಅಂಗಿಯ ತೋಳನ್ನೇ ಹಿಡಿದ. "ನಮ್ಮ ದಡ ಅಳೆಯೋಕೆ ನಿಮಗೆ ಹೇಳಿದ್ಯಾರು? ಬನ್ನಿ ಠಾಣೆಗೆ."

ಸಾಹೇಬರ ಬಣ್ಣ ಇಳಿಯಿತು. ಸರ್ಕಾರಿ ನೌಕರ ಅನುಮತಿ ಇಲ್ಲದೆ ದೇಶ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅಂಥ ಇಬ್ಬರನ್ನು ಅವರೇ ಮನೆಗೆ ಕಳಿಸಿದ್ದರು. ಕಾವಲುಗಾರ ಎಳೆದ. ಬಲಗಾಲಿನ ಬೂಟು ಹಲಗೆಯಿಂದ ಜಾರಿ, ಕೆಸರಿಗೆ ಒಂದು ಗೇಣು ಮೇಲೆ ತೂಗಾಡಿತು.

ಚೀಟಿಯಕ್ಕ ಎರಡು ಹೆಜ್ಜೆ ಹಾರಿ ಹೋಗಿ, ಹಿಂದಿನಿಂದ ಅವರ ಬೆಲ್ಟು ಹಿಡಿದಳು. ಅವಳ ಹೆಬ್ಬೆರಳು ಹಲಗೆಯ ಕೊನೆಯ ಮೊಳೆಯ ಮೇಲಿತ್ತು. ಮುಂದೆ ಅರ್ಧ ಹೆಜ್ಜೆ ಜಾಗವೂ ಇರಲಿಲ್ಲ.

"ಕಾಲು ಇಡಬೇಡಿ ಸಾರ್! ಮೇಲೆತ್ಕೊಳ್ಳಿ!"

"ಎಲ್ಲಿ ಇಡ್ಲಿ?"

"ಹಿಂದೆ. ಹಿಮ್ಮಡಿ ಹಲಗೆಗೆ ಊರಿ. ಭಾರ ಎಲ್ಲ ನನ್ನ ಕಡೆ ಬಿಡಿ. ಕೆಳಗೆ ನೋಡಬೇಡಿ, ಅವನನ್ನ ನೋಡಿ."

ಸಾಹೇಬರು ಹೇಳಿದಂತೆ ಮಾಡಿದರು. ಎರಡು ದೇಶಗಳು ಒಬ್ಬ ಮನುಷ್ಯನನ್ನು ಆಚೆಗೊಂದು ಈಚೆಗೊಂದು ಎಳೆಯುತ್ತಿದ್ದವು. ಲಾಂಚು ಅಲೆಗೆ ಸಿಕ್ಕಿ ಹಲಗೆ ಏರಿತು, ಇಳಿಯಿತು. ಎಂಜಿನ್ ಮಾವ ಕೂಗಿದ: "ಹಗ್ಗ ಸಡಿಲ ಆಗ್ತಿದೆ, ಬೇಗ!"

"ನಾನು ನಿಮ್ಮ ದೇಶಕ್ಕೆ ಬಂದೇ ಇಲ್ಲ!" ಸಾಹೇಬರ ದನಿ ಕೀರಲಾಯಿತು. "ನಾನು ಹಲಗೆ ಮೇಲಿದೀನಿ. ಹಲಗೆ ಲಾಂಚಿಂದು. ಲಾಂಚು ನಮ್ಮ ದೇಶದಲ್ಲಿ ನೋಂದಾಯಿಸಿದ್ದು. ಹಲಗೆ ಮೇಲೆ ನಿಂತೋನು ದೇಶ ಬಿಟ್ಟೋನಲ್ಲ!"

ಕಾವಲುಗಾರ ತಲೆ ಕೆರೆದುಕೊಂಡ. ಆದರೆ ಕೈ ಬಿಡಲಿಲ್ಲ. "ಬಾಯಲ್ಲಿ ಹೇಳಿದ್ದು ನಮ್ಮ ಸಾಹೇಬ್ರು ಒಪ್ಪಲ್ಲ. ಬರೆದು ಕೊಡಿ. ಮುದ್ರೆ ಹಾಕಿ."

ಹೀಗೆ, ಒಬ್ಬಳು ಬೆಲ್ಟು ಹಿಡಿದಿರಲು, ಒಬ್ಬ ತೋಳು ಹಿಡಿದಿರಲು, ಮೂರು ಪೆನ್ನಿನ ಸಾಹೇಬರು ತೊಡೆಯ ಮೇಲೆ ಕಡತ ಇಟ್ಟು ಆ ಮಾತನ್ನೇ ಬರೆದರು. ಜೇಬಿನಿಂದ ಮುದ್ರೆ ತೆಗೆದು ಹೊಡೆದರು. ಕಾರ್ಬನ್ ಹಾಳೆ ಇಡದೆ ಏನನ್ನೂ ಬರೆದು ಅಭ್ಯಾಸವಿಲ್ಲದ ಕೈ. ಒಂದು ಪ್ರತಿ ಕಾವಲುಗಾರನಿಗೆ ಹೋಯಿತು, ಇನ್ನೊಂದು ಚೀಟಿಯಕ್ಕನ ಕಡತದಲ್ಲೇ ಉಳಿಯಿತು. ಕಾವಲುಗಾರ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ ತೋಳು ಬಿಟ್ಟ. ಅವನು ಬಿಟ್ಟ ಹೊಡೆತಕ್ಕೆ ಸಾಹೇಬರೂ ಚೀಟಿಯಕ್ಕನೂ ಹಲಗೆಯುದ್ದಕ್ಕೂ ಹಿಂದಕ್ಕೆ ತತ್ತರಿಸಿ ಒಟ್ಟಿಗೆ ಲಾಂಚಿನೊಳಗೆ ಬಿದ್ದರು.

ವಾಪಸು ಬರುವಾಗ ತಂಗಿ ಬಾಯಿ ತೆರೆದಳು. ಅಕ್ಕ ಕಣ್ಣಲ್ಲೇ ಗದರಿದಳು. ಸಾಹೇಬರು ಬೆಂಚಿನ ಮೇಲೆ ಕೂತು ಆ ಕಾರ್ಬನ್ ಪ್ರತಿಯನ್ನು ಮೂರು ಸಲ ಓದಿದರು. ತಾವೇ ಬರೆದದ್ದು, ತಮ್ಮದೇ ಮುದ್ರೆ. ಅದು ಸುಳ್ಳಾದರೆ ಇವತ್ತು ದೇಶ ಬಿಟ್ಟು ಹೋದವರು ತಾವು. ನಿಜವಾದರೆ ಈ ಹೆಂಗಸು ಐದು ವರ್ಷದಲ್ಲಿ ಒಂದು ದಿನವೂ ಬಿಟ್ಟಿಲ್ಲ. ಹಾಳೆಯನ್ನು ಹರಿದು ನೀರಿಗೆ ಹಾಕಬಹುದಿತ್ತು. ಆದರೆ ಮೊದಲ ಪ್ರತಿ ಆಚೆ ದೇಶದ ಜೇಬಿನಲ್ಲಿತ್ತು. ಚೀಟಿಯಕ್ಕ ಎದುರು ಬೆಂಚಿನ ಕಂಬಿ ಹಿಡಿದು ನಿಂತಿದ್ದಳು. ಪೀಪಾಯಿ ಬಂತು, ಹೋಯಿತು. ಸಾಹೇಬರ ಕೈ ಜೇಬಿಗೆ ಹೋಯಿತು. ಯಾವ ಪೆನ್ನು ಬರುತ್ತದೋ ಎಂದು ಅವಳು ಆ ಜೇಬನ್ನೇ ನೋಡಿದಳು.

ಹಸಿರು ಬಂತು. ಬಹಳ ದಿನದಿಂದ ಮುಚ್ಚಳ ತೆಗೆಯದೆ ಇದ್ದದ್ದಕ್ಕೆ ಶಾಯಿ ಒಣಗಿತ್ತು. ಸಾಹೇಬರು ಉಗುರಿನ ಮೇಲೆ ಗೀಚಿದರು, ಕೊಡವಿದರು, ಬಾಯಿಂದ ಬಿಸಿಯುಸಿರು ಊದಿದರು. ದಡ ಮುಟ್ಟಲು ಮಾರು ದೂರ ಇದ್ದಾಗ ಶಾಯಿ ಇಳಿಯಿತು. ಮಂಜೂರಾತಿಗೆ ಸಹಿ ಬಿತ್ತು.

"ಪರಿಶೀಲನೆ ತೃಪ್ತಿಕರ," ಎಂದರು, ಬೂಟಿನ ಅಂಚನ್ನು ಕರವಸ್ತ್ರದಿಂದ ಒರೆಸುತ್ತ. "ಹಲಗೆ ಗಟ್ಟಿಯಾಗಿದೆ."

"ಹೌದು ಸಾರ್," ಎಂದಳು ಚೀಟಿಯಕ್ಕ. ಆಮೇಲೆ ಎಂಜಿನ್ ಕೋಣೆಯ ಹಿಂದೆ ಹೋಗಿ, ಮಾವ ನೋಡುತ್ತಿದ್ದಾನೆಂಬುದನ್ನೂ ಲೆಕ್ಕಿಸದೆ ಕೂತುಬಿಟ್ಟಳು.

ಹದಿನೈದು ದಿನಕ್ಕೆ ಪ್ರಮಾಣಪತ್ರ ಕೊಡುವ ಸಮಾರಂಭ. ಕಚೇರಿಯ ಮಹಡಿಯ ಮೇಲಿನ ಕೋಣೆ, ಎಂಟು ಕುರ್ಚಿ, ಒಂದು ಕೆಟ್ಟ ಮೈಕು. ಅರ್ಜಿ ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು, 'ಅರ್ಜಿ ಬರೆದದ್ದು ನಾನೇ' ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಊರಿಗೆಲ್ಲ ದೊಡ್ಡವರಾದ ಹಿರಿಯ ಅಧಿಕಾರಿಗಳು ಮಾತೃಭೂಮಿಯ ವಿಷಯವಾಗಿ ಮುಕ್ಕಾಲು ಗಂಟೆ ಮಾತಾಡಿದರು. ಚೀಟಿಯಕ್ಕ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು, ಮಧ್ಯಾಹ್ನದ ಟ್ರಿಪ್ಪಿಗೆ ಹೊತ್ತಾಗುತ್ತಿತ್ತು. ಕೊನೆಗೆ ಅವಳ ಹೆಸರು ಕರೆದರು. ಕಾಗದ ಅವಳ ಕೈಗೆ ಬಂತು. ಅದನ್ನು ಅವಳು ನಾಲ್ಕು ಮಡಿಕೆ ಮಾಡಿ ಟಿಕೆಟ್ ಚೀಲದೊಳಗೆ ಇಟ್ಟು, ಚೀಲದ ಗುಂಡಿ ಹಾಕಿ, ಮೇಲೊಮ್ಮೆ ತಟ್ಟಿ ನೋಡಿಕೊಂಡಳು.

ಹಿರಿಯ ಅಧಿಕಾರಿಗಳಿಗೆ ಆ ಗಳಿಗೆಗೆ ತಕ್ಕ ಒಂದು ದೊಡ್ಡ ಮಾತು ಬೇಕಿತ್ತು. ಅವರು ಮೈಕನ್ನು ಅವಳ ಕಡೆ ತಿರುಗಿಸಿದರು.

"ತಾಯೀ, ಇಷ್ಟು ಕಷ್ಟಪಟ್ಟು ನಮ್ಮವರಾದಿರಿ. ಎಲ್ಲರೂ ಕೇಳುವ ಹಾಗೆ ಹೇಳಿ. ಇನ್ನು ಮುಂದೆ ಈ ದೇಶವನ್ನು ಬಿಟ್ಟು ಹೋಗುವ ಯೋಚನೆ ಏನಾದರೂ ಇದೆಯೇ?"

"ಇದೆ ಸಾರ್. ಎರಡೂ ಮುಕ್ಕಾಲಿಗೆ."